ಆರು ಲಾರಿ ಖಾಲಿಯಾಗುವವರೆಗೆ

2024ರ ಮೇ ತಿಂಗಳು. ದೆಹಲಿ ಮತ್ತು ಸುತ್ತಲಿನ ಊರುಗಳು ಬಿಸಿಲಲ್ಲಿ ಬೇಯುತ್ತಿದ್ದವು. ಗುರುಗ್ರಾಮದಾಚೆಯ ಮಾನೇಸರದಲ್ಲಿ ಅಮೆಜಾನ್ ಕಂಪನಿಯ ಉಗ್ರಾಣದಲ್ಲಿ ದುಡಿಯುವವರು ಒಂದು ಸಂಗತಿ ಹೊರಗೆ ಹೇಳಿದರು. 24 ಅಡಿಯ ಆರು ಲಾರಿಗಳ ಸರಕು ಇಳಿಸಿ ಮುಗಿಸುವವರೆಗೆ ನೀರು ಕುಡಿಯಲು ಹೋಗುವುದಿಲ್ಲ, ಶೌಚಕ್ಕೂ ಹೋಗುವುದಿಲ್ಲ ಎಂದು ತಮ್ಮಿಂದ ಪ್ರತಿಜ್ಞೆ ಮಾಡಿಸಿದರು ಎಂದು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕಳಿಸಿತು. ಇದೊಂದು ಬಿಡಿ ಘಟನೆ, ತಂಡದ ಒಬ್ಬರು ವಿವೇಚನೆ ತಪ್ಪಿದ್ದರಿಂದ ಆದದ್ದು ಎಂದು ಕಂಪನಿ ಹೇಳಿತು.

ಆ ‘ಒಬ್ಬರ’ ಬಗ್ಗೆಯೇ ನನ್ನ ಯೋಚನೆ ಹರಿಯುತ್ತದೆ. ಬಾಯಾರಿದವರಿಗೆ ನೀರು ಇಲ್ಲವೆನ್ನಬಾರದು ಎಂದು ಅವರ ಮನೆಯಲ್ಲೂ ಹಿರಿಯರು ಹೇಳಿಯೇ ಇರುತ್ತಾರೆ. ಹಾಗಿದ್ದೂ ಆ ಪ್ರತಿಜ್ಞೆಯ ಮಾತು ಅವರ ಬಾಯಿಂದ ಹೇಗೆ ಬಂತು? ಇಷ್ಟು ಹೊತ್ತಿಗೆ ಇಷ್ಟು ಲಾರಿ ಎಂಬ ಲೆಕ್ಕ ಅವರ ನೆತ್ತಿಯ ಮೇಲೂ ಕೂತಿದ್ದಿರಬೇಕು. ಒತ್ತಡ ಹುಟ್ಟುವುದು ಮೇಲಿನ ಮಹಡಿಯಲ್ಲಿ. ಅಲ್ಲಿಂದ ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಾ ಬರುತ್ತಾರೆ. ಮುಂದೆ ದಾಟಿಸಲು ಯಾರೂ ಇಲ್ಲದವನ ಮೈಮೇಲೆ ಅದು ನಿಲ್ಲುತ್ತದೆ. ಕೊನೆಗೆ ನಾವು ಅವನನ್ನೇ ಕೇಳುತ್ತೇವೆ, ಯಾಕಪ್ಪಾ ಇಷ್ಟು ಟೆನ್ಷನ್ ಮಾಡಿಕೊಳ್ತೀಯ ಅಂತ.

ಗುರುಗ್ರಾಮ, ನೋಯ್ಡಾಗಳ ಗಾಜಿನ ಕಟ್ಟಡಗಳಲ್ಲೂ ನಡೆಯುವುದು ಇದೇ. ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಯೋಗ, ಧ್ಯಾನ, ಆಪ್ತಸಮಾಲೋಚಕರ ಭಾಷಣ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮ್ಯಾನೇಜರ್ ಸಂದೇಶ. ಯೋಗ ಬೇಡವೆಂದು ನಾನು ಹೇಳುತ್ತಿಲ್ಲ. ಮಾಡು ಸೋರುವಾಗ ಕೆಳಗೊಂದು ಪಾತ್ರೆ ಬೇಕೇ ಬೇಕು. ಆದರೆ ಹೆಂಚು ಸರಿಪಡಿಸುವವರು ಯಾರು? ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2022ರಲ್ಲಿ ಅದು ಹೊರಡಿಸಿದ ಮಾರ್ಗಸೂಚಿಯು ನೌಕರನ ಮನಸ್ಸಿನ ಬಗ್ಗೆ ಮಾತ್ರ ಹೇಳುವುದಿಲ್ಲ. ಕೆಲಸದ ಹೊರೆ, ಪಾಳಿ, ಬಿಡುವುಗಳನ್ನೇ ಬದಲಿಸಿ, ಮ್ಯಾನೇಜರುಗಳಿಗೆ ತರಬೇತಿ ಕೊಡಿ ಎನ್ನುತ್ತದೆ.

ಇದು ಆಗದ ಮಾತಲ್ಲ. 2024ರ ಅದೇ ಮೇ ತಿಂಗಳಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ತನ್ನ ಕಾಮಗಾರಿಗಳ ಕೂಲಿಕಾರರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಟ್ಟಿತು. ಉಳಿದ ಇಲಾಖೆಗಳೂ ಹಾಗೆಯೇ ಮಾಡಬೇಕೆಂದು ಉಪರಾಜ್ಯಪಾಲ ವಿ.ಕೆ. ಸಕ್ಸೇನಾ ಸೂಚಿಸಿದರು. ಕೂಲಿ ಕಡಿಯುವಂತಿರಲಿಲ್ಲ ಎಂಬುದೇ ಇದರಲ್ಲಿ ಮುಖ್ಯ. ಕೂಲಿ ಕಡಿದರೆ ಆ ಮೂರು ಗಂಟೆಯ ನೆರಳೂ ಒಂದು ಚಿಂತೆಯಾಗುತ್ತಿತ್ತು. ಕುಡಿಯುವ ನೀರು, ಶೌಚಾಲಯ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತ್ತು. ಮನಶ್ಶಾಂತಿ ಎಂಬ ದೊಡ್ಡ ಮಾತನ್ನು ಎತ್ತದೆಯೇ ಅದು ಮನಸ್ಸನ್ನು ಕಾಯುವ ಕೆಲಸ ಮಾಡಿತ್ತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದಿದೆ. ಕಂಪನಿಗಳ ಮಾನಸಿಕ ಆರೋಗ್ಯ ಸಹಾಯವಾಣಿ ಇರುವುದು ಅವರ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಗೇಟಿನಲ್ಲಿ ಹನ್ನೆರಡು ತಾಸು ನಿಲ್ಲುವ ಕಾವಲುಗಾರ, ಶೌಚಾಲಯ ತೊಳೆಯುವ ಹೆಂಗಸು, ರಾತ್ರಿ ಪಾಳಿಯವರನ್ನು ಮನೆಗೆ ಬಿಡುವ ಕ್ಯಾಬ್ ಚಾಲಕ, ಇವರೆಲ್ಲ ಗುತ್ತಿಗೆದಾರನ ಲೆಕ್ಕದವರು. ಅವರ ನಿದ್ದೆಗೆಟ್ಟ ಕಣ್ಣು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇವರಿಗೂ ಇದೆ. 14416ಕ್ಕೆ ಹಗಲು ರಾತ್ರಿ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ದಿಲ್ಶಾದ್ ಗಾರ್ಡನ್ನಿನಲ್ಲಿ ಸರ್ಕಾರದ ಇಹಬಾಸ್ ಮಾನಸಿಕ ಆರೋಗ್ಯ ಆಸ್ಪತ್ರೆಯಿದೆ. ಈ ವಿವರವನ್ನು ಹಿಂದಿಯಲ್ಲಿ ಬರೆದು ಕಾವಲುಗಾರರ ಕೋಣೆಯಲ್ಲಿ ಅಂಟಿಸಲು ಮಾಲೀಕನಿಗೆ ಎಷ್ಟು ಖರ್ಚಾದೀತು?

ದೆಹಲಿಯ ಸುತ್ತ ಕಚೇರಿ, ಕಾರ್ಖಾನೆಗಳಲ್ಲಿ ನಾಲ್ಕು ಜನರ ಮೇಲೆ ಅಧಿಕಾರವಿರುವ ಕನ್ನಡಿಗರು ಸಾಕಷ್ಟು ಮಂದಿ ಇದ್ದೀರಿ. ರಜೆ ಕೇಳಿದವರ ಬಳಿ ಕಾರಣ ಕೆದಕಬೇಡಿ. ಕಾಯಿಲೆಯಿಂದ ಮರಳಿದವರಿಗೆ ಮೊದಲ ವಾರವೇ ಪೂರ್ತಿ ಹೊರೆ ಹೊರಿಸಬೇಡಿ. ಮೇಲಿನಿಂದ ಬಂದ ಗಡುವು ಮನುಷ್ಯರಿಂದ ಆಗುವಂಥದ್ದಲ್ಲ ಎಂದು ಕಂಡರೆ, ಅದನ್ನು ಕೆಳಗಿನವರಿಗೆ ದಾಟಿಸದೆ, ಬಂದ ಕಡೆಗೇ ಹಿಂದಕ್ಕೆ ಕಳಿಸಿ.