ರಸನೇಂದ್ರಿಯ ಜಯ

ಕಣ್ಣನ್ನು ಮುಚ್ಚಬಹುದು, ಕಿವಿಯನ್ನು ಶಬ್ದದಿಂದ ದೂರವಿರಿಸಬಹುದು. ನಾಲಗೆಗಾದರೋ ಅದರ ವಿಷಯವನ್ನು ದಿನವೂ ಒದಗಿಸಲೇಬೇಕು. ರಸನೇಂದ್ರಿಯವನ್ನು ಗೆಲ್ಲುವುದು ಕಠಿನವಾಗಿರುವುದು ಇದರಿಂದಲೇ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಹೇಳಿದ 6 ಬಾಹ್ಯತಪಗಳಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗಗಳೆಂಬ 4 ತಪಗಳು ಆಹಾರಕ್ಕೇ ಸಂಬಂಧಿಸಿರುವುದು ಗಮನಾರ್ಹವಾಗಿದೆ.

ಗೃಹಸ್ಥನೊಬ್ಬನು ಅಷ್ಟಮಿ ಚತುರ್ದಶಿಗಳಲ್ಲಿ ತಪ್ಪದೆ ಉಪವಾಸ ಮಾಡುತ್ತಿದ್ದನೆಂದು ಭಾವಿಸೋಣ. ಪಾರಣೆಯ ದಿನ ಹೋಳಿಗೆ, ತುಪ್ಪ, ಕರಿದ ಭಕ್ಷ್ಯಗಳು ಅವನ ಎಲೆಯನ್ನು ತುಂಬುತ್ತಿದ್ದವು. ವರ್ಷಗಳು ಕಳೆದರೂ ದೇಹದ ತೂಕ ಇಳಿಯಲಿಲ್ಲ, ಆಸೆಯೂ ಕುಗ್ಗಲಿಲ್ಲ. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸ. ಅವನ ಉಪಯೋಗವಾದರೋ ಆ ದಿನವೆಲ್ಲ ಮರುದಿನದ ಎಲೆಯಲ್ಲಿಯೇ ನೆಲೆಸಿತ್ತು! ಅನ್ನದ ಪಿಷ್ಟ ಮತ್ತು ಸಕ್ಕರೆಯಲ್ಲಿ ಗ್ರಾಮಿಗೆ ಸುಮಾರು 4 ಕ್ಯಾಲರಿಯಾದರೆ ಕೊಬ್ಬಿನಲ್ಲಿ 9. ತುಪ್ಪವು ಬಹುಪಾಲು ಕೊಬ್ಬೇ. ಒಂದು ದಿನ ಬಿಟ್ಟುದನ್ನು ಮರುದಿನದ ಭೋಜನವು ಸುಲಭವಾಗಿ ಹಿಂದಿರುಗಿಸುತ್ತದೆ.

ಇಂತಹವನಿಗೆ ಬೇಕಾದುದು ಮತ್ತೊಂದು ಉಪವಾಸವಲ್ಲ, ನಿತ್ಯದ ಅವಮೌದರ್ಯ. ಪುರುಷನ ಪೂರ್ಣಾಹಾರವು 32 ತುತ್ತು, ಸ್ತ್ರೀಯದು 28 ತುತ್ತು ಎಂದು ಆಗಮವು ಹೇಳುತ್ತದೆ. ಅದರಲ್ಲಿ ಒಂದೇ ತುತ್ತು ಕಡಿಮೆಯಾದರೂ ಅದು ತಪವೇ. ಜೊತೆಗೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳೆಂಬ ಷಡ್ರಸಗಳಲ್ಲಿ ಒಂದನ್ನಾದರೂ ದಿನಕ್ಕೆ ತ್ಯಜಿಸಬೇಕು. ಉಪ್ಪನ್ನು ಬಿಟ್ಟು ಬೆಲ್ಲವನ್ನು ಇಮ್ಮಡಿ ಮಾಡಿದರೆ ಅದು ತ್ಯಾಗವಲ್ಲ, ವಿನಿಮಯ.

ಮೊದಲ ವಾರಗಳಲ್ಲಿ ಸಪ್ಪೆಯೂಟ ಸಹಿಸದೆನಿಸುವುದು ಸಹಜ. ಆದರೆ ಅಮೆರಿಕದ ಸಂಶೋಧಕರು 1982ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೆಲವು ತಿಂಗಳು ಉಪ್ಪನ್ನು ಕಡಿಮೆ ಮಾಡಿದವರಿಗೆ ಕ್ರಮೇಣ ಕಡಿಮೆ ಉಪ್ಪಿನ ಆಹಾರವೇ ರುಚಿಸತೊಡಗಿತು. ನಾಲಗೆಯ ಹಟವು ಜೀವದ ಸ್ವಭಾವವಲ್ಲ, ಅಭ್ಯಾಸದಿಂದ ಬಂದ ವಿಭಾವ. ಅಭ್ಯಾಸದಿಂದ ಬಂದುದು ಅಭ್ಯಾಸದಿಂದಲೇ ಹೋಗುತ್ತದೆ. ಚಾತುರ್ಮಾಸದ 4 ತಿಂಗಳು ಈ ಸಾಧನೆಗೆ ಯೋಗ್ಯ ಕಾಲವಾಗಿದೆ.

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗನುಸಾರವಾಗಿ ಎಂದೇ ವಿಧಿಸಲಾಗಿದೆ. ಆದುದರಿಂದ ಮಧುಮೇಹವೇ ಮೊದಲಾದ ರೋಗಗಳಿಗೆ ಔಷಧ ಸೇವಿಸುವವರು ವೈದ್ಯರನ್ನು ವಿಚಾರಿಸಿಯೇ ನಿಯಮವನ್ನು ಸ್ವೀಕರಿಸತಕ್ಕದ್ದು.

ತೂಕ ಇಳಿಯುವುದು ವ್ರತದ ಉಪಫಲ ಮಾತ್ರ. ರಾಗವು ಇಳಿಯುವುದೇ ನಿಜವಾದ ಫಲ. ಪಾರಣೆಯ ಎಲೆಯ ಮುಂದೆ ಕುಳಿತಾಗ ಮನಸ್ಸು ಎಷ್ಟು ಶಾಂತವಾಗಿದೆಯೆಂಬುದೇ ಹಿಂದಿನ ದಿನದ ಉಪವಾಸಕ್ಕೆ ಒರೆಗಲ್ಲು. ಭವ್ಯರು ಇದನ್ನರಿತು, ಇಂದಿನ ಊಟದಲ್ಲಿಯೇ ಒಂದು ತುತ್ತನ್ನು ಬಿಟ್ಟೇಳುವಂತಾಗಲಿ.