ಹಗ್ಗವೆಂದು ತಿಳಿದ ಮೇಲೂ

2013ರ ಕೊನೆಗೆ ತೆರೆಕಂಡ, ಕೆ.ಎಸ್. ಅಶೋಕ ನಿರ್ದೇಶನದ ‘6-5=2’ ಚಿತ್ರದಲ್ಲಿ ಹೆಸರುವಾಸಿ ನಟರು ಒಬ್ಬರೂ ಇರಲಿಲ್ಲ. ಆರು ಜನ ಗೆಳೆಯರು ಕಾಡಿಗೆ ಚಾರಣ ಹೊರಡುತ್ತಾರೆ. ಅವರೇ ಹಿಡಿದ ಕ್ಯಾಮೆರಾ ಕಂಡಷ್ಟು ಮಾತ್ರ ನಮಗೆ ಕಾಣುತ್ತದೆ. ಇದು ಕಥೆಯಲ್ಲ, ನಡೆದದ್ದು ಎನ್ನುವ ಧಾಟಿಯಲ್ಲಿ ಎಲ್ಲವೂ ಸಾಗುತ್ತದೆ. ಹೊಸಮುಖಗಳನ್ನು ಹಾಕಿಕೊಂಡದ್ದಕ್ಕೆ ಸಣ್ಣ ಬಂಡವಾಳವೊಂದೇ ಕಾರಣವಲ್ಲ. ಆ ಆರರಲ್ಲಿ ಒಬ್ಬ ಪರಿಚಿತ ನಾಯಕನಿದ್ದಿದ್ದರೆ ‘ಸಿಕ್ಕಿದ ಕ್ಯಾಮೆರಾ’ದ ನೆಪ ಮೊದಲ ಹತ್ತು ನಿಮಿಷದಲ್ಲೇ ಬಿದ್ದುಹೋಗುತ್ತಿತ್ತು. ಅಂದರೆ ಈ ಬಗೆಯ ಚಿತ್ರಕ್ಕೆ ಪಾತ್ರವರ್ಗದ ಅನಾಮಿಕತೆಯೇ ಬಂಡವಾಳ. ಇದರ ಹಿಂದೆ ಒಂದು ತತ್ತ್ವವೂ ಅಡಗಿದೆ: ಗೊತ್ತಿಲ್ಲದವನಿಗೆ ಮಾತ್ರ ಭಯ, ಗೊತ್ತಾದ ಕೂಡಲೇ ಭಯ ಹೋಗುತ್ತದೆ. ಈ ತತ್ತ್ವ ತಪ್ಪೆಂದು ನನಗೆ ತೋರುತ್ತದೆ.

ಅದು ನಮ್ಮಲ್ಲಿ ಹಳೆಯದು, ಗೌರವಸ್ಥ ಮನೆತನದ್ದೂ ಹೌದು. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡು ಬೆದರಿದವನು ದೀಪ ತಂದೊಡನೆ ನಿರಾಳನಾಗುತ್ತಾನೆ ಎಂಬ ದೃಷ್ಟಾಂತವನ್ನು ಅದ್ವೈತಿಗಳು ಜಗತ್ತಿಗೇ ಅನ್ವಯಿಸಿದರು. ಅವರ ಉದ್ದೇಶಕ್ಕೆ ಅದು ಸರಿಯಾಗಿಯೇ ಒದಗಿತು. ಆದರೆ ದೆವ್ವದ ಸಿನಿಮಾ ನೋಡುವವನ ಕೈಯಲ್ಲಿ ದೀಪ ಮೊದಲಿನಿಂದಲೂ ಇದೆ. ಟಿಕೆಟ್ ಕೊಳ್ಳುವಾಗಲೇ ಅವನಿಗೆ ಅದು ಹಗ್ಗವೆಂದು ಗೊತ್ತು. ಆದರೂ ಕುರ್ಚಿಯ ಕೈ ಹಿಡಿದು ಕೂರುತ್ತಾನೆ. ಇಲ್ಲಿ ವೇದಾಂತಿಗಿಂತ ಆಲಂಕಾರಿಕ ಹೆಚ್ಚು ನೆರವಾಗುತ್ತಾನೆ. ರಸವನ್ನು ವಿವೇಚಿಸಿದ ಹಳೆಯ ಆಲಂಕಾರಿಕ ಶ್ರೀಶಂಕುಕ, ಚಿತ್ರದ ಕುದುರೆಯ ಮಾತು ತೆಗೆದ: ಗೋಡೆಯ ಮೇಲೆ ಬರೆದ ಕುದುರೆಯನ್ನು ಕುದುರೆ ಎನ್ನುತ್ತೇವೆ, ಆದರೆ ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಅಭಿನವಗುಪ್ತ ಅವನನ್ನು ಖಂಡಿಸಿದರೂ ಭಯಾನಕ ರಸದ ಮಾತು ಬಂದಾಗ ಇನ್ನೂ ಮುಂದೆ ಹೋದ. ಶಾಕುಂತಲದಲ್ಲಿ ದುಷ್ಯಂತನ ರಥಕ್ಕೆ ಬೆದರಿ ಓಡುವ ಜಿಂಕೆಯ ಭಯ ಆ ಜಿಂಕೆಗೂ ಸೇರಿದ್ದಲ್ಲ, ನೋಡುವವನಿಗೂ ಸೇರಿದ್ದಲ್ಲ. ದೇಶಕಾಲಗಳ ಹಂಗು ಕಳಚಿಕೊಂಡ ಬರಿಯ ಭಯ ಎಂಬುದು ಅವನ ನಿಲುವು. ಈ ಭಯಕ್ಕೆ ಅಜ್ಞಾನದ ಆಸರೆ ಬೇಕಿಲ್ಲ. ‘6-5=2’ರಲ್ಲಿದ್ದ ವಿಜಯ್ ಚೆಂಡೂರ್ ಆಮೇಲೆ ಹಲವು ಚಿತ್ರಗಳಲ್ಲಿ ಜನರನ್ನು ನಗಿಸಿದರು. ಈಗ ಆ ಚಿತ್ರ ಹಾಕಿಕೊಂಡವನಿಗೆ ಆ ಮುಖ ಗೊತ್ತು, ಆ ಮನುಷ್ಯನಿಗೆ ಕಾಡಿನಲ್ಲಿ ಏನೂ ಆಗಿಲ್ಲವೆಂದೂ ಗೊತ್ತು. ಹಾಗೆಂದು ಕ್ಯಾಮೆರಾ ಕತ್ತಲಿಗೆ ತಿರುಗಿದಾಗ ಎದೆ ಸುಮ್ಮನಿರುವುದಿಲ್ಲ.

ತೆರೆಯಾಚೆಯೂ ಇದನ್ನು ಒರೆಗೆ ಹಚ್ಚಿ ನೋಡಬಹುದು. ಅದಕ್ಕೆ ಸಕಲೇಶಪುರ–ಆಲೂರಿನ ಮಲೆಗಿಂತ ಒಳ್ಳೆಯ ಜಾಗವಿಲ್ಲ. ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬರುವ ಗೆಳೆಯರ ಗುಂಪುಗಳು ಬಿಸಿಲೆ ಘಾಟಿಯ ಮಂಜನ್ನೋ ಎಡಕುಮರಿಯ ಸುರಂಗಗಳನ್ನೋ ಹುಡುಕಿ ಬಂದದ್ದು ಇಲ್ಲಿಗೇ. ಆದರೆ ಇಲ್ಲಿ ಕಾಫಿ ತೋಟದ ಕೆಲಸಕ್ಕೆ ಹೋಗುವವರ ಭಯ ಬೇರೆ, ಅದು ಕಾಡಾನೆಯದು. 2013–14ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು; ಸ್ವಲ್ಪ ಕಾಲದಲ್ಲೇ ಬೇರೆ ಆನೆಗಳು ಬಂದವು. ಈಗ ಇಲ್ಲಿನ ಆನೆಗಳಿಗೆ ಹೆಸರುಗಳಿವೆ: ಭೀಮ, ಕ್ಯಾಪ್ಟನ್, ಕರಡಿ, ಬೀಟಮ್ಮನ ಗುಂಪು. ಯಾವುದು ಇಂದು ಯಾವ ತೋಟದಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಭೀಮನ ನಡಿಗೆ, ಮೈಕಟ್ಟು, ಗುಣ ಊರಿಗೆಲ್ಲ ಪರಿಚಿತ. ಪರಿಚಯವಾಯಿತೆಂದು ಯಾರೂ ಸಂಜೆ ಹೊತ್ತು ತೋಟದ ದಾರಿಯಲ್ಲಿ ಧೈರ್ಯವಾಗಿ ನಡೆಯುವುದಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಆನೆ ಹಿಡಿಯುವ ಕಾರ್ಯಾಚರಣೆಯ ನಡುವೆ ಕಾಡಾನೆಯ ದಾಳಿಗೆ ಸಿಕ್ಕಿ ದಸರಾ ಆನೆ ಅರ್ಜುನ ಸತ್ತಾಗ, ಎಂಟು ಸಲ ಅಂಬಾರಿ ಹೊತ್ತ ಆ ಹೆಸರೇ ರಾಜ್ಯವನ್ನೆಲ್ಲ ಕಲಕಿತು.

ಆನೆ ನಿಜವಾಗಿ ತುಳಿಯುತ್ತದೆ, ತೆರೆಯ ದೆವ್ವ ಏನೂ ಮಾಡದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆನೆಯಿಂದ ಸಿದ್ಧವಾಗುವುದು ಅರ್ಧ ಮಾತು ಮಾತ್ರ: ಪರಿಚಯವೂ ಭಯವೂ ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ಇರಬಲ್ಲವು. ಉಳಿದ ಅರ್ಧಕ್ಕೆ, ಎಂದರೆ ವೇಷ ಹಾಕಿದವನ ವಿಷಯಕ್ಕೆ, ಶಿರಾಡಿ ಘಾಟಿ ಇಳಿಯಬೇಕು. ಕೆಳಗೆ ತುಳುನಾಡಿನಲ್ಲಿ ದೈವ ಕಟ್ಟುವವನು ಯಾರ ಮಗ, ಯಾವ ಊರಿನವನು ಎಂಬುದು ನೆರೆದವರಿಗೆಲ್ಲ ಗೊತ್ತು. ಮುಖಕ್ಕೆ ಅರದಾಳ ಬಳಿದುಕೊಳ್ಳುವುದೂ ಅಣಿ ಕಟ್ಟಿಕೊಳ್ಳುವುದೂ ಗುಟ್ಟಿನ ಕೆಲಸವಲ್ಲ. ಆವೇಶ ಬಂದ ಮೇಲೆ ಊರಿನ ದೊಡ್ಡವರೂ ಅವನೆದುರು ಕೈಮುಗಿದು ನಿಲ್ಲುತ್ತಾರೆ. ಕೋಲವೆಂಬ ಈ ಆರಾಧನೆಯನ್ನು ನಾಟಕಕ್ಕೆ ಹೋಲಿಸಬಾರದು, ಅಲ್ಲಿ ದೈವ ಬರುತ್ತದೆ ಎಂದು ನಂಬಿದವರು ಹೇಳುತ್ತಾರೆ. ‘ಕಾಂತಾರ’ ಚಿತ್ರದ ನಂತರ ಸಿಕ್ಕಸಿಕ್ಕಲ್ಲಿ ವೇಷ ಹಾಕಿ ಕೂಗಿದವರ ಮೇಲೆ ಅವರು ಸಿಟ್ಟಾದದ್ದೂ ಇದಕ್ಕೇ. ನಾನು ಎರಡನ್ನೂ ಒಂದು ಮಾಡುತ್ತಿಲ್ಲ. ದೈವ ಬರುತ್ತದೋ ಇಲ್ಲವೋ ಎಂಬ ತೀರ್ಮಾನವೂ ಇಲ್ಲಿ ಬೇಕಿಲ್ಲ. ಕಟ್ಟಿದವನ ಗುರುತು ಗೊತ್ತಿರುವುದು ಭಯಭಕ್ತಿಗೆ ಎಂದೂ ಅಡ್ಡಿಯಾಗಿಲ್ಲ ಎಂಬಷ್ಟೇ ನನಗೆ ಬೇಕಾದ ಸಾಕ್ಷ್ಯ.

ಹಾಗಾದರೆ ನಟರನ್ನು ಮರೆಮಾಚಿದ ಚಿತ್ರಗಳು ಅಷ್ಟು ಜನರನ್ನು ನಡುಗಿಸಿದ್ದು ಹೇಗೆ? ಈ ಬಗೆಯ ಚಿತ್ರಗಳನ್ನು ಲೋಕಪ್ರಸಿದ್ಧ ಮಾಡಿದ್ದು 1999ರ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ಮೂವರು ಅಪರಿಚಿತ ನಟರು ಸ್ವಂತ ಹೆಸರುಗಳಲ್ಲೇ ಪಾತ್ರವಾದರು. ಚಿತ್ರೀಕರಣದ ದಿನಗಳಲ್ಲಿ ಅವರಿಗೆ ಊಟ ಕಡಿಮೆ ಮಾಡುತ್ತಾ ಹೋದರು, ರಾತ್ರಿ ಡೇರೆಯ ಸುತ್ತ ಸದ್ದು ಮಾಡಿ ಎಬ್ಬಿಸಿದರು. ಪ್ರಚಾರದಲ್ಲಿ ಅವರು ಕಾಣೆಯಾದವರು, ಸತ್ತಿರಬಹುದಾದವರು ಎಂದಾಯಿತು. ಹೆದರ್ ಡೊನಾಹ್ಯೂ ಎಂಬ ನಟಿಯ ತಾಯಿಗೆ ಸಂತಾಪದ ಪತ್ರಗಳು ಬಂದವು. ಈ ನಂಬಿಕೆ ಗಲ್ಲಾಪೆಟ್ಟಿಗೆ ತುಂಬಿಸಿದ್ದು ನಿಜ. ಆದರೆ ಅದು ಹುಟ್ಟಿಸಿದ್ದು ರಸವನ್ನಲ್ಲ, ಪುಕಾರನ್ನು. ಯಾರದೋ ಮನೆಯ ಸಾವಿನ ಸುದ್ದಿ ಕೇಳಿದಾಗಿನ ಕಳವಳವನ್ನು. ಪುಕಾರು ಕೆಲವೇ ತಿಂಗಳಲ್ಲಿ ಬಯಲಾಯಿತು. ಚಿತ್ರವನ್ನು ಇವತ್ತಿಗೂ ನೋಡುತ್ತಾರೆ, ಹೆದರುತ್ತಾರೆ. ಹಾಗಿದ್ದರೆ ಪುಕಾರಿನ ನೆರವಿಲ್ಲದೆಯೂ ನಿಲ್ಲುವ ಭಯ ಅದರೊಳಗೇ ಇತ್ತು. ನಟರನ್ನು ಸಾಯಿಸಿ ತೋರಿಸಿದ್ದರಿಂದ ಲಾಭವಾದದ್ದು ಕಲೆಗಲ್ಲ, ವ್ಯಾಪಾರಕ್ಕೆ.

ಹೊಸಬರಿಗೆ ಅವಕಾಶ ಸಿಕ್ಕಿತಲ್ಲ, ಸ್ವಲ್ಪ ದಿನ ಹೆಸರು ಮುಚ್ಚಿಟ್ಟರೇನು ನಷ್ಟ ಎನ್ನುವವರಿದ್ದಾರೆ. ಕಾಸು ಕಡಿಮೆಯಿರುವ ಚಿತ್ರದಲ್ಲಿ ಹೊಸಬನಿಗೆ ಕೊನೆಗೆ ದಕ್ಕುವ ದೊಡ್ಡ ಕೂಲಿ ಹೆಸರೇ. ಅದನ್ನೂ ಕಥೆಯೇ ನುಂಗಿದರೆ ಅವನ ಪಾಲಿಗೆ ಏನು ಉಳಿಯಿತು? ಬ್ಲೇರ್ ವಿಚ್‌ನ ಆ ಮೂವರೂ 2024ರಲ್ಲಿ, ಚಿತ್ರ ಬಂದು ಇಪ್ಪತ್ತೈದು ವರ್ಷಗಳಾಗುವ ಹೊತ್ತಿಗೆ, ಅದರ ಹಕ್ಕು ಹೊಂದಿದ್ದ ಲಯನ್ಸ್‌ಗೇಟ್ ಸಂಸ್ಥೆಗೆ ಬಹಿರಂಗ ಪತ್ರ ಬರೆದು ತಮಗೆ ಸಲ್ಲಬೇಕಾದ ಪಾಲು ಕೇಳಿದರು. ಹೆದರ್ ಡೊನಾಹ್ಯೂ ಆ ಹೊತ್ತಿಗೆ ಆ ಹೆಸರನ್ನೇ ಬಿಟ್ಟು ರೇ ಹಾನ್ಸ್ ಆಗಿದ್ದರು.