ಬಾಣ ಹೂಡುವ ಮುನ್ನ

ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ 1974ರಿಂದ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ಪ್ರಯತ್ನವನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಆದರೆ ಬೇಟೆಗೆಂದು ಮನೆಯಲ್ಲಿಯೇ ಕುಳಿತು ಬಿಲ್ಲಿನ ಗುರಿಯನ್ನು ಸರಿಪಡಿಸುವವನ, ಬಾಣದ ಮೊನೆಯನ್ನು ಪರೀಕ್ಷಿಸುವವನ ಪಾಪವು ಯಾವಾಗ ಮೊದಲಾಗುತ್ತದೆ?

“ಮೊನೆ ಹರಿತವಾಗಿದ್ದರೆ ಮೃಗವು ನರಳದೆ ಸಾಯುತ್ತದೆ, ಆದುದರಿಂದ ಈ ಎಚ್ಚರಿಕೆಯೂ ದಯೆಯೇ” ಎಂಬ ವಾದವುಂಟು. ನೋವು ಕಡಿಮೆಯಾಗುವುದು ದಿಟ. ಆದರೆ ಕೊಲ್ಲುವ ಸಂಕಲ್ಪವನ್ನು ಬಿಡದೆ ಕೊಲೆಯನ್ನು ಅಚ್ಚುಕಟ್ಟಾಗಿಸುವುದು ನೈಪುಣ್ಯವೇ ಹೊರತು ದಯೆಯಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ಕೊಲ್ಲುವೆನೆಂಬ ನಿಶ್ಚಯವು ಸಂರಂಭ. ಸಾಧನಗಳನ್ನು ಅಣಿಗೊಳಿಸುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. ಮೊನೆಯನ್ನು ಪರೀಕ್ಷಿಸುವವನು ಆಗಲೇ ಎರಡನೆಯ ಮೆಟ್ಟಿಲಲ್ಲಿದ್ದಾನೆ. ಬರಿಗೈಯಲ್ಲಿ ಮರಳಿದರೂ ಕರ್ಮಾಸ್ರವ ತಪ್ಪದು. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಬಲಿಯಾದದ್ದು ಹಿಟ್ಟಿನ ಕೋಳಿ; ಆದರೂ ಸಂಕಲ್ಪದ ಫಲವು ಭವಭವಗಳಲ್ಲಿ ಬೆನ್ನಟ್ಟಿತು.

ಅಭಯಾರಣ್ಯದ ಅಂಚಿನ ರೈತನ ಬೆಳೆಯನ್ನು ಕೃಷ್ಣಮೃಗಗಳು ಮೇಯುತ್ತವೆ. ಅವನ ಸಂಕಟ ನಿಜವಾದುದು. ಬೇಲಿಗೆ ಬಳಸುವ ತಂತಿಯೇ ಉರುಳಿಗೂ ಆಗುತ್ತದೆ. ಹಾವೇರಿ, ಬ್ಯಾಡಗಿಯ ಪೇಟೆಗಳಲ್ಲಿ ಕುಳಿತ ಶ್ರಾವಕನು ಉರುಳಿಗೆಂದು ತಿಳಿದೂ ತಂತಿಯನ್ನು ಕೊಟ್ಟರೆ ಅದು ಹಿಂಸಾದಾನವೆಂಬ ಅನರ್ಥದಂಡ. ತಿಳಿಯದೆ ಕೊಟ್ಟವನ ಮಾತು ಬೇರೆ.

ಆದರೆ “ಕೊಡೆನು” ಎಂದಷ್ಟಕ್ಕೆ ಧರ್ಮ ಮುಗಿಯದು. ಬೆಳೆ ಕಳೆದುಕೊಂಡವನ ನಷ್ಟದಲ್ಲಿ ಬಸದಿಯ ದತ್ತಿಯೂ ಪಾಲು ಹೊರಬೇಕು. ಪರರ ಹೊಲದ ವೆಚ್ಚದಲ್ಲಿ ನಡೆಯುವ ಜೀವದಯೆ ಅಪೂರ್ಣ.